ಹಾಲಿನ ಸಸಾರಜನಕ: ಕೆಚ್ಚಲಿನ ಜೀವಕೋಶದಲ್ಲಿ ನಡೆಯುವುದೇನು?



ಒಂದು ಬೇಸಿಗೆಯಲ್ಲಿ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಸಂಘಕ್ಕೆ ಹೋಗಿದ್ದೆ. ಬೆಳಗಿನ ಹಾಲು ಹಾಕುವ ಹೊತ್ತು. ಒಬ್ಬ ತಾಯಿಯ ಹಾಲಿನ ಎಸ್.ಎನ್.ಎಫ್. ಒಂದು ವಾರದಿಂದ 8.0 ದಾಟಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ಯಾರೋ "ಬೋರಿನ ನೀರು ಚೆನ್ನಾಗಿದೆ" ಎಂದು ಗೇಲಿ ಮಾಡಿದರು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಬಳಿ ಬಂದು, "ಡಾಕ್ಟ್ರೇ, ಮನೆದೇವ್ರಾಣೆಗೂ ಒಂದು ತೊಟ್ಟು ನೀರು ಹಾಕಿಲ್ಲ. ಬೇಕಾದ್ರೆ ನಾಳೆ ನೀವೇ ಕೊಟ್ಟಿಗೆಗೆ ಬನ್ನಿ, ನಿಮ್ಮ ಮುಂದೇನೇ ಕರೀತೀನಿ" ಎಂದರು.

ಮರುದಿನ ಬೆಳಗ್ಗೆ ಹೋದೆ. ನನ್ನ ಕಣ್ಣೆದುರಿಗೇ ಕರೆದ ಹಾಲು. ಪರೀಕ್ಷಿಸಿದಾಗ ಬಂದದ್ದು ಅದೇ 8.0. ಆಕೆ ಹೇಳಿದ್ದು ನಿಜವಾಗಿತ್ತು. ಹಾಲಿಗೆ ಹೊರಗಿನಿಂದ ಯಾರೂ ನೀರು ಬೆರೆಸಿರಲಿಲ್ಲ. ಹಸುವಿನ ಕೆಚ್ಚಲಿನಲ್ಲೇ ಹಾಲು ಸರಿಯಾಗಿ ತಯಾರಾಗುತ್ತಿರಲಿಲ್ಲ.

ಇಂಥ ಪ್ರಕರಣಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ತಾಲ್ಲೂಕುಗಳಲ್ಲಿ ನನಗೆ ಎದುರಾಗಿವೆ. ಎಸ್.ಎನ್.ಎಫ್. ಕಡಿಮೆ ಬಂದರೆ ಬಟವಾಡೆಯಲ್ಲಿ ಹಣ ಕಡಿಮೆಯಾಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಆದ್ದರಿಂದ ಹಾಲಿನ ಸಸಾರಜನಕ ಎಲ್ಲಿ ತಯಾರಾಗುತ್ತದೆ, ಅದರ ಹತೋಟಿ ಹೇಗೆ, ಕೆಟ್ಟದ್ದು ಹೇಗೆ ವಿಲೇವಾರಿಯಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ಉತ್ಪಾದಕರೂ ತಿಳಿದಿರುವುದು ಒಳ್ಳೆಯದು. ವಿಷಯ ಸ್ವಲ್ಪ ವಿಜ್ಞಾನದ್ದು. ಆದರೆ ಕೊಟ್ಟಿಗೆ ಬಲ್ಲವರಿಗೆ ಕಷ್ಟದ್ದಲ್ಲ.

ಎಸ್.ಎನ್.ಎಫ್. ಎಂದರೆ ಏನು?

ಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರೇ. ಉಳಿದದ್ದರಲ್ಲಿ ಜಿಡ್ಡನ್ನು ಬಿಟ್ಟು ಮಿಕ್ಕಿದ್ದೆಲ್ಲ ಜಿಡ್ಡೇತರ ಘನಾಂಶ, ಅಂದರೆ ಎಸ್.ಎನ್.ಎಫ್. ಒಳ್ಳೆಯ ಹಸುವಿನ ಹಾಲಿನಲ್ಲಿ ಇದರ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ: ಹಾಲಿನ ಸಕ್ಕರೆ ಅಂದರೆ ಲ್ಯಾಕ್ಟೋಸ್ 4.6, ಸಸಾರಜನಕ 3.2, ಖನಿಜಾಂಶ 0.7. ಕೂಡಿದರೆ 8.5.

ಹಾಲಿನ ಸಸಾರಜನಕದ ಐದು ಪಾಲಿನಲ್ಲಿ ನಾಲ್ಕು ಪಾಲು ಕೇಸೀನ್. ಹಾಲು ಬೆಳ್ಳಗೆ ಕಾಣುವುದು, ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟುವುದು, ಹುಳಿ ಹಿಂಡಿದರೆ ಹಾಲು ಒಡೆದು ಗಿಣ್ಣದಂತೆ ಗಟ್ಟಿಯಾಗುವುದು ಮುಖ್ಯವಾಗಿ ಇದರಿಂದಲೇ. ಒಡೆದ ಹಾಲಿನಿಂದ ಬಸಿದ ತಿಳಿನೀರಿನಲ್ಲಿ ಉಳಿಯುವುದು ಮಿಕ್ಕ ಒಂದು ಪಾಲು.

ದಿನಕ್ಕೆ 10 ಲೀಟರ್ ಕೊಡುವ ಹಸು ಪ್ರತಿದಿನ ಸುಮಾರು 320 ಗ್ರಾಂ ಸಸಾರಜನಕವನ್ನು ಹೊಸದಾಗಿ ತಯಾರಿಸಿ ಕ್ಯಾನಿಗೆ ಸುರಿಯುತ್ತದೆ. ಒಂದು ಕೋಳಿಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಅಂದರೆ ನಿಮ್ಮ ಹಸು ದಿನವೂ 50ಕ್ಕೂ ಹೆಚ್ಚು ಮೊಟ್ಟೆಗಳಷ್ಟು ಸಸಾರಜನಕ ಕೊಡುತ್ತಿದೆ. ಇದು ಎಲ್ಲಿಂದ ಬರಬೇಕು?

ಕೆಚ್ಚಲೊಳಗಿನ ಕೆಲಸಗಾರರು

ಕೆಚ್ಚಲು ಹಾಲು ತುಂಬಿಡುವ ಬರಿಯ ಚೀಲವಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳ್ಳೆಗಳು ದ್ರಾಕ್ಷಿ ಗೊಂಚಲಿನಂತೆ ಕೋಟಿಗಟ್ಟಲೆ ಇವೆ. ಪ್ರತಿ ಗುಳ್ಳೆಯ ಒಳಗೋಡೆಗೆ ಒಂದೇ ಸಾಲಿನಲ್ಲಿ ಜೀವಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಹಾಲನ್ನು ತಯಾರಿಸುವವು ಇವೇ. ಇವುಗಳ ಹಿಂಬದಿಯಲ್ಲಿ ರಕ್ತನಾಳ, ಮುಂಬದಿಯಲ್ಲಿ ಹಾಲು. ಹಿಂದಿನಿಂದ ಕಚ್ಚಾ ಸಾಮಗ್ರಿ ತೆಗೆದುಕೊಂಡು ಮುಂದೆ ಹಾಲು ಬಿಡುತ್ತವೆ. ಒಂದು ಲೀಟರ್ ಹಾಲು ತಯಾರಾಗಬೇಕಾದರೆ 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿದುಹೋಗಬೇಕು.

ಮೂಲ ದಾಖಲೆ ಮತ್ತು ನಕಲು

ಸಸಾರಜನಕ ಎಂದರೆ ಅಮೈನೋ ಆಮ್ಲಗಳೆಂಬ ಚಿಕ್ಕ ಚಿಕ್ಕ ಕಣಗಳನ್ನು ಪೋಣಿಸಿದ ಹಾರ. 20 ಬಗೆಯ ಅಮೈನೋ ಆಮ್ಲಗಳಿವೆ. 20 ಬಗೆಯ ಹೂವುಗಳೆಂದು ತಿಳಿಯಿರಿ. ಯಾವ ಹೂವಿನ ನಂತರ ಯಾವ ಹೂವು ಎಂಬ ಕ್ರಮ ಬದಲಾದರೆ ಹಾರವೇ ಬೇರೆ. ಬೀಟಾ ಕೇಸೀನ್ ಎಂಬ ಹಾರದಲ್ಲಿ 209 ಹೂವುಗಳಿರುತ್ತವೆ.

ಈ ಕ್ರಮವನ್ನು ಬರೆದಿಟ್ಟಿರುವುದು ಜೀವಕೋಶದ ನಡುವೆ ಇರುವ ಡಿ.ಎನ್.ಎ.ಯಲ್ಲಿ. ಇದು ತಾಲ್ಲೂಕು ಕಚೇರಿಯ ಮೂಲ ದಾಖಲೆ ಇದ್ದಂತೆ. ಮೂಲ ದಾಖಲೆಯನ್ನು ಯಾರೂ ಮನೆಗೆ ಕೊಡುವುದಿಲ್ಲ, ಬೇಕಾದಾಗ ಪಹಣಿಯ ನಕಲು ಕೊಡುತ್ತಾರೆ. ಕೋಶವೂ ಹಾಗೆಯೇ. ಕೇಸೀನ್ ಬೇಕಾದಾಗ ಆ ಪುಟದ ನಕಲನ್ನು ಮಾತ್ರ ತೆಗೆದು ಹೊರಗೆ ಕಳಿಸುತ್ತದೆ. ಈ ನಕಲಿಗೆ ಆರ್.ಎನ್.ಎ. ಎಂದು ಹೆಸರು. ನಕಲನ್ನು ಓದುತ್ತಾ ಹೂವು ಪೋಣಿಸುವ ಕೆಲಸ ರೈಬೋಸೋಮ್ ಎಂಬ ಕಣಗಳದು. ಒಂದು ಕೇಸೀನ್ ಹಾರ ಪೋಣಿಸಲು ಅದಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಸಾಕು. ಪೋಣಿಸಿದ ಹಾರ ಸರಿಯಾಗಿ ಮಡಚಿಕೊಂಡು, ರಂಜಕ ಮತ್ತು ಸುಣ್ಣದ ಅಂಶ ಸೇರಿಸಿಕೊಂಡು, ಚಿಕ್ಕ ಚೀಲಗಳಲ್ಲಿ ತುಂಬಿ ಹಾಲಿನೊಳಕ್ಕೆ ಇಳಿಯುತ್ತದೆ.

ಈ ಬರಹವನ್ನು ಓದುವ ರೀತಿಯನ್ನು ಕಂಡುಹಿಡಿದವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ. ಅದಕ್ಕಾಗಿ 1968ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಸಿಕ್ಕಿತು. ರೈಬೋಸೋಮಿನ ರಚನೆಯನ್ನು ಬಿಡಿಸಿ ತೋರಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮೂವರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ಅವರು ಹುಟ್ಟಿದ್ದು ತಮಿಳುನಾಡಿನ ಚಿದಂಬರದಲ್ಲಿ.

ಹೂವು ಎಲ್ಲಿಂದ ಬರಬೇಕು?

ಹಾರ ಪೋಣಿಸುವವರು ಎಷ್ಟೇ ಚುರುಕಾಗಿದ್ದರೂ ಬುಟ್ಟಿಯಲ್ಲಿ ಹೂವಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ. 19 ಬಗೆ ಹೂವು ರಾಶಿ ಬಿದ್ದಿದ್ದು ಒಂದು ಬಗೆ ಇಲ್ಲದಿದ್ದರೂ ಅಷ್ಟೇ. ಹಾಲು ಕೊಡುವ ಹಸುಗಳಲ್ಲಿ ಸಾಮಾನ್ಯವಾಗಿ ಮೊದಲು ಕೊರತೆ ಬೀಳುವುವು ಲೈಸೀನ್ ಮತ್ತು ಮೆಥಿಯೊನೀನ್ ಎಂಬ ಎರಡು.

ಆದರೆ ಹಸುವಿನ ವಿಷಯದಲ್ಲಿ ಒಂದು ವಿಶೇಷವಿದೆ. ನೀವು ಹಾಕಿದ ಹಿಂಡಿಯ ಸಸಾರಜನಕ ನೇರವಾಗಿ ಕೆಚ್ಚಲಿಗೆ ಹೋಗುವುದಿಲ್ಲ. ಅದು ಮೊದಲು ಸೇರುವುದು ಹಸುವಿನ ದೊಡ್ಡ ಹೊಟ್ಟೆಯನ್ನು. ಅಲ್ಲಿರುವ ಸೂಕ್ಷ್ಮಜೀವಿಗಳು ಅದರ ಬಹುಭಾಗವನ್ನು ಒಡೆದು ಅಮೋನಿಯ ಮಾಡುತ್ತವೆ. ಆಮೇಲೆ ಅದೇ ಅಮೋನಿಯದಿಂದ ತಮ್ಮ ಮೈಯ ಸಸಾರಜನಕವನ್ನು ಕಟ್ಟಿಕೊಂಡು ಬೆಳೆಯುತ್ತವೆ. ಬೆಳೆದ ಸೂಕ್ಷ್ಮಜೀವಿಗಳು ಮುಂದಿನ ಹೊಟ್ಟೆಗೆ, ಕರುಳಿಗೆ ಜಾರಿ ಅಲ್ಲಿ ಜೀರ್ಣವಾಗುತ್ತವೆ. ಹಸುವಿಗೆ ಸಿಗುವ ಅಮೈನೋ ಆಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಈ ದಾರಿಯಿಂದಲೇ ಬರುತ್ತವೆ. ಅಂದರೆ ನಾವು ಮೇವು ಹಾಕುವುದು ಮೊದಲು ಹೊಟ್ಟೆಯೊಳಗಿನ ಆ ಜೀವಿಗಳಿಗೆ, ಆಮೇಲೆ ಹಸುವಿಗೆ.

ಈ ಜೀವಿಗಳಿಗೆ ಅಮೋನಿಯ ಒಂದೇ ಸಾಲದು. ಕೆಲಸ ಮಾಡಲು ಶಕ್ತಿಯೂ ಬೇಕು. ಆ ಶಕ್ತಿ ಸಿಗುವುದು ಮುಸುಕಿನ ಜೋಳ, ರಾಗಿ, ಅಕ್ಕಿ ನುಚ್ಚು, ಒಳ್ಳೆಯ ಹಸಿರು ಮೇವು ಇವುಗಳಿಂದ. ಶಕ್ತಿ ಸಾಲದಿದ್ದರೆ ಅಮೋನಿಯ ಬಳಕೆಯಾಗದೆ ರಕ್ತ ಸೇರುತ್ತದೆ. ಅದನ್ನು ಪಿತ್ತಜನಕಾಂಗ ಯೂರಿಯಾ ಮಾಡಿ ಗಂಜಲದಲ್ಲಿ ಹೊರಹಾಕುತ್ತದೆ. ನೀವು ಕಾಸು ಕೊಟ್ಟು ತಂದ ಹಿಂಡಿ ಗಂಜಲದಲ್ಲಿ ಹರಿದು ಚರಂಡಿ ಸೇರುತ್ತದೆ.

ನಾನು ಮಾಡಿದ ತಪ್ಪು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಒಬ್ಬ ಯಜಮಾನರಿಗೆ, ಎಸ್.ಎನ್.ಎಫ್. ಏರಬೇಕಾದರೆ ಹಿಂಡಿ ಜಾಸ್ತಿ ಮಾಡಿ ಎಂದಷ್ಟೇ ಹೇಳಿ ಬಂದಿದ್ದೆ. ಅವರು ನಂಬಿ ಕಡಲೆಕಾಯಿ ಹಿಂಡಿಯನ್ನು ಎರಡು ಪಾಲು ಮಾಡಿದರು. ಉಳಿದದ್ದು ಬರಿಯ ಒಣ ರಾಗಿ ಹುಲ್ಲು. ತಿಂಗಳ ನಂತರ ಹೋದಾಗ ಎಸ್.ಎನ್.ಎಫ್. ಇದ್ದಲ್ಲೇ ಇತ್ತು, ಹಸು ತೆಳ್ಳಗೆ ಸಗಣಿ ಹಾಕುತ್ತಿತ್ತು, ಹಿಂಡಿ ಅಂಗಡಿಯಲ್ಲಿ ಅವರ ಸಾಲ ಏರಿತ್ತು. "ಡಾಕ್ಟ್ರೇ, ನಿಮ್ಮ ಮಾತು ಕೇಳಿ ಕೆಟ್ಟೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಿಂಡಿಯ ಜೊತೆಗೆ ಶಕ್ತಿ ಕೊಡುವ ಧಾನ್ಯವನ್ನೂ ಹಸಿರು ಮೇವನ್ನೂ ಹೇಳಬೇಕಾದದ್ದು ನನ್ನ ಕರ್ತವ್ಯವಾಗಿತ್ತು. ಅಂದಿನಿಂದ ಗೊಂತು ನೋಡದೆ ನಾನು ಸಲಹೆ ಕೊಡುವುದಿಲ್ಲ.

ನಮ್ಮ ಭಾಗದಲ್ಲಿ ಏನು ಹಾಕಬಹುದು?

ರಾಗಿ ಹುಲ್ಲು, ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತವೆ. ಸಸಾರಜನಕ ಅವುಗಳಲ್ಲಿ ಶೇ. 3-4 ಮಾತ್ರ, ಅದರಲ್ಲೂ ಜೀರ್ಣವಾಗುವುದು ಬಹಳ ಕಡಿಮೆ. ಆದ್ದರಿಂದ ಇರುವ ಅನುಕೂಲ ನೋಡಿಕೊಂಡು ಹೀಗೆ ಮಾಡಿ:

1. ಹೊಳೆನರಸೀಪುರದ ನಾಲೆ ನೀರಿನ ಬಯಲಿನವರಿಗೆ ಭತ್ತದ ಹುಲ್ಲು ಮತ್ತು ತೌಡು ಸಿಗುತ್ತವೆ. ಗದ್ದೆಯ ಬದುವಿನಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲು, ಭತ್ತ ಕೊಯ್ದ ಮೇಲೆ ಅಲಸಂದೆ ಹಾಕಿಕೊಂಡರೆ ಕೊರತೆ ತುಂಬುತ್ತದೆ.

2. ಚನ್ನರಾಯಪಟ್ಟಣದ ತೆಂಗಿನ ತೋಟದವರಿಗೆ ಕೊಬ್ಬರಿ ಹಿಂಡಿ ಒಳ್ಳೆಯ ಆಧಾರ. ತೋಟದ ಸಾಲಿನ ನಡುವೆ ಮೇವಿನ ಹುಲ್ಲು, ಬೇಲಿಯಲ್ಲಿ ಅಗಸೆ, ಗ್ಲಿರಿಸಿಡಿಯಾ ಬೆಳೆಸಿರಿ.

3. ಹಾಸನ, ಅರಕಲಗೂಡು ಕಡೆ ಮುಸುಕಿನ ಜೋಳ ಹೆಚ್ಚು. ಕಾಳು ಹಾಲುತುಂಬಿದ ಹಂತದಲ್ಲಿ ಕೊಯ್ದ ಜೋಳ ಹಾಲು ಕೊಡುವ ಹಸುವಿಗೆ ಉತ್ತಮ ಮೇವು. ಹೆಚ್ಚಾದದ್ದನ್ನು ಕತ್ತರಿಸಿ ರಸಮೇವು ಮಾಡಿಟ್ಟುಕೊಂಡರೆ ಬೇಸಿಗೆ ದಾಟಬಹುದು. ಆಲೂಗಡ್ಡೆ, ಶುಂಠಿಗೆ ಹೊಲವನ್ನೆಲ್ಲ ಕೊಡದೆ ಹಸುವಿಗೆಂದು ನಾಲ್ಕೈದು ಗುಂಟೆಯನ್ನಾದರೂ ಉಳಿಸಿಕೊಳ್ಳಿ.

4. ಒಣಹುಲ್ಲೇ ಗತಿ ಎನ್ನುವವರು ಯೂರಿಯಾದಿಂದ ಹುಲ್ಲನ್ನು ಪೌಷ್ಟಿಕಗೊಳಿಸಬಹುದು. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದು ಗಾಳಿಗೆ ಹರಡಿ, ಘಾಟು ಹೋದ ಮೇಲೆ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿರಿ. 6 ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಯೂರಿಯಾವನ್ನು ನೇರವಾಗಿ ಕಲಗಚ್ಚಿಗೆ ಹಾಕಿದರೆ ರಾಸು ಗಂಟೆಯೊಳಗೆ ಸಾಯಬಹುದು. ಮೊದಲ ಸಲ ವಿಸ್ತರಣಾಧಿಕಾರಿಯ ಎದುರಿನಲ್ಲೇ ಮಾಡಿರಿ.

5. ಪಶು ಆಹಾರವನ್ನು ಮೈ ಪೋಷಣೆಗೆ ಒಂದೂವರೆಯಿಂದ 2 ಕೆ.ಜಿ., ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಲೆಕ್ಕದಲ್ಲಿ ಕೊಡಿ. ಜೊತೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಇರಲಿ. ಯಾವ ಬದಲಾವಣೆಯನ್ನೂ ಹತ್ತು ಹದಿನೈದು ದಿನಗಳಲ್ಲಿ ನಿಧಾನವಾಗಿ ಮಾಡಿ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಮೇವಿನಿಂದ ಜಿಡ್ಡು ಬೇಗ ಏರಿಳಿಯುತ್ತದೆ. ಸಸಾರಜನಕ ಏರುವುದು ನಿಧಾನ, ಅದೂ ಅಲ್ಪಸ್ವಲ್ಪ. ತಳಿಯ ಗುಣವೂ ಸೇರಿರುತ್ತದೆ. ಆದರೆ ಬಟವಾಡೆಯಲ್ಲಿ ಆ ಅಲ್ಪಸ್ವಲ್ಪವೇ ಲೆಕ್ಕಕ್ಕೆ ಬರುವುದು.

ತಯಾರಿಸು ಎಂದು ಹೇಳುವವರು ಯಾರು?

ಕೇಸೀನಿನ ಬರಹ ಹಸುವಿನ ಮೈಯ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಕಿವಿಯ ಕೋಶದಲ್ಲೂ ಇದೆ, ಗೊರಸಿನ ಬುಡದ ಕೋಶದಲ್ಲೂ ಇದೆ. ಆದರೆ ಹಾಲು ಬರುವುದು ಕೆಚ್ಚಲಿನಿಂದ ಮಾತ್ರ. ಏಕೆಂದರೆ ಬೇರೆ ಕೋಶಗಳು ಆ ಪುಟಕ್ಕೆ ಬೀಗ ಹಾಕಿಟ್ಟಿರುತ್ತವೆ. ಕೆಚ್ಚಲಿನ ಕೋಶ ಕೂಡ ಎಲ್ಲ ಕಾಲದಲ್ಲೂ ಅದನ್ನು ತೆರೆಯುವುದಿಲ್ಲ.

ಗಬ್ಬದ ಕಾಲದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಪೂರ್ಣ ಪ್ರಮಾಣದ ಹಾಲುತಯಾರಿಕೆಯನ್ನು ತಡೆದಿರುತ್ತದೆ. ಕರು ಹಾಕುವ ಹೊತ್ತಿಗೆ ಅದು ಇಳಿಯುತ್ತದೆ. ಪ್ರೊಲಾಕ್ಟಿನ್, ಇನ್ಸುಲಿನ್, ಕಾರ್ಟಿಸಾಲ್ ಇವು ಸೇರಿ ಬೀಗ ತೆಗೆಯುತ್ತವೆ. ಆಗ ನಕಲುಗಳು ಒಂದರ ಹಿಂದೊಂದು ಹೊರಡುತ್ತವೆ.

ಇದಲ್ಲದೆ ಪ್ರತಿ ಕೋಶದೊಳಗೂ ಒಬ್ಬ ಉಗ್ರಾಣಿ ಇದ್ದಾನೆ. ಅವನ ಹೆಸರು ಎಂಟಾರ್. ಅಮೈನೋ ಆಮ್ಲ ಸಾಕಷ್ಟಿದೆಯೇ, ಶಕ್ತಿ ಇದೆಯೇ ಎಂದು ಸದಾ ಲೆಕ್ಕ ನೋಡುತ್ತಿರುತ್ತಾನೆ. ಇದ್ದರೆ ರೈಬೋಸೋಮ್‌ಗಳಿಗೆ ವೇಗವಾಗಿ ಪೋಣಿಸಲು ಹೇಳುತ್ತಾನೆ. ಇಲ್ಲದಿದ್ದರೆ ಕೆಲಸ ತಗ್ಗಿಸುತ್ತಾನೆ. ಉಪವಾಸವಿದ್ದ ಹಸುವಿನ ಎಸ್.ಎನ್.ಎಫ್. ಇಳಿಯುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಹತೋಟಿ ನಿಮ್ಮ ಕೈಯಲ್ಲೇ ಇದೆ. ಕೆಚ್ಚಲಲ್ಲಿ ಹಾಲು ನಿಂತಷ್ಟೂ ಕೋಶಗಳು 'ಇನ್ನು ಸಾಕು' ಎಂದು ತಯಾರಿಕೆ ಕಡಿಮೆ ಮಾಡುತ್ತವೆ. ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕರೆದರೆ ಮತ್ತೆ ಚುರುಕಾಗುತ್ತವೆ. ಮದುವೆ, ಜಾತ್ರೆ, ಸಂತೆ ಎಂದು ಕರೆಯುವ ಹೊತ್ತನ್ನು ಹಿಂದುಮುಂದು ಮಾಡಬೇಡಿ.

ಕೆಟ್ಟದ್ದನ್ನು ಕತ್ತರಿಸುವ ಯಂತ್ರ

ಇಷ್ಟು ವೇಗವಾಗಿ ಹಾರ ಪೋಣಿಸುವಾಗ ಕೆಲವು ತಪ್ಪಾಗುತ್ತವೆ, ಕೆಲವು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕೆಲವು ಹಳೆಯದಾಗುತ್ತವೆ. ಬಿಸಿಲಿನ ಝಳಕ್ಕೆ ಕೋಶದ ಸಸಾರಜನಕಗಳು ಬಿಚ್ಚಿಹೋಗುವುದೂ ಉಂಟು. ಅವುಗಳನ್ನು ಹಿಡಿದು ಮತ್ತೆ ಮಡಚುವ ಸಹಾಯಕರು ಕೋಶದಲ್ಲಿದ್ದಾರೆ. ಸರಿಪಡಿಸಲಾಗದಿದ್ದರೆ ವಿಲೇವಾರಿ ಮಾಡಲೇಬೇಕು. ಕಸ ಸೇರಿದರೆ ಕೋಶವೇ ಸಾಯುತ್ತದೆ.

ವಿಲೇವಾರಿಗೆ ಎರಡು ದಾರಿ. ಮೊದಲನೆಯದರಲ್ಲಿ, ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಗುರುತು ಹಾಕುವಂತೆ, ಕೆಟ್ಟ ಸಸಾರಜನಕಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಲಾಗುತ್ತದೆ. ಗುರುತು ಬಿದ್ದದ್ದು ಪ್ರೋಟಿಯಾಸೋಮ್ ಎಂಬ ಕೊಳವೆಯೊಳಕ್ಕೆ ಹೋಗಿ, ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟ ಜೋಳದ ದಂಟಿನಂತೆ ತುಂಡುತುಂಡಾಗಿ ಹೊರಬರುತ್ತದೆ. ಆ ತುಂಡುಗಳಿಂದ ಅಮೈನೋ ಆಮ್ಲ ಮತ್ತೆ ಬಳಕೆಗೆ ಸಿಗುತ್ತದೆ. ಈ ಗುರುತಿನ ವ್ಯವಸ್ಥೆಯನ್ನು ಕಂಡುಹಿಡಿದ ಸೀಕಾನೋವರ್, ಹರ್ಷ್ಕೊ, ರೋಸ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಎರಡನೆಯ ದಾರಿ ತಿಪ್ಪೆಗುಂಡಿಯಂತೆ. ದೊಡ್ಡ ಕಸವನ್ನು ಕೋಶ ಒಂದು ಪೊರೆಯಲ್ಲಿ ಸುತ್ತಿ, ಕರಗಿಸುವ ರಸವಿರುವ ಚೀಲಕ್ಕೆ ಸೇರಿಸಿ ಕೊಳೆಸಿ, ಸಾರವನ್ನು ಮತ್ತೆ ತೆಗೆದುಕೊಳ್ಳುತ್ತದೆ. ಇದನ್ನು ಬಿಡಿಸಿದ ಜಪಾನಿನ ಯೋಶಿನೊರಿ ಒಸುಮಿ ಅವರಿಗೆ 2016ರ ನೊಬೆಲ್ ಸಂದಿತು.

ಇದಕ್ಕೂ ನಿಮ್ಮ ಕೊಟ್ಟಿಗೆಗೂ ಏನು ಸಂಬಂಧ? ಕರು ಹಾಕಿದ ಮೊದಲ ಎರಡು ತಿಂಗಳು ಹಸು ತಿನ್ನುವುದಕ್ಕಿಂತ ಹೆಚ್ಚು ಹಾಲಿನಲ್ಲಿ ಕಳೆದುಕೊಳ್ಳುತ್ತದೆ. ಆಗ ಅದರ ಮಾಂಸಖಂಡದ ಕೋಶಗಳಲ್ಲಿ ಈ ಕತ್ತರಿಸುವ ಯಂತ್ರ ಜೋರಾಗಿ ಓಡುತ್ತದೆ. ತನ್ನ ಮೈಯನ್ನೇ ಕತ್ತರಿಸಿ ಕೆಚ್ಚಲಿಗೆ ಹೂವು ಕೊಡುತ್ತದೆ. ಬೆನ್ನೆಲುಬು ಎದ್ದು ಕಾಣುವುದು, ಸೊಂಟದ ಗುಳಿ ಬೀಳುವುದು ಇದರಿಂದ. ಮೈ ಹೆಚ್ಚು ಇಳಿದ ಹಸು ತಡವಾಗಿ ಬೆದೆಗೆ ಬರುತ್ತದೆ. ಈ ಎರಡು ತಿಂಗಳಲ್ಲಿ ಆಹಾರದಲ್ಲಿ ಉಳಿಸಿದ ಹಣ ಮುಂದಿನ ಗಬ್ಬ ತಡವಾಗಿ ನಷ್ಟವಾಗುತ್ತದೆ.

ಕೆಚ್ಚಲು ಬಾವು: ತಪ್ಪು ಜಾಗದಲ್ಲಿ ಕತ್ತರಿ

ಕೆಚ್ಚಲು ಬಾವು ಬಂದಾಗ ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ಲ್ಯಾಕ್ಟೋಸ್ ಹಾಲಿನಿಂದ ರಕ್ತಕ್ಕೆ ಸೋರುತ್ತದೆ, ರಕ್ತದ ಉಪ್ಪು ಹಾಲಿಗೆ ಬರುತ್ತದೆ. ಜೊತೆಗೆ ಪ್ಲಾಸ್ಮಿನ್ ಎಂಬ ಕತ್ತರಿ ರಕ್ತದಿಂದ ಬಂದು, ತಯಾರಾಗಿ ನಿಂತಿರುವ ಕೇಸೀನನ್ನೇ ಕೆಚ್ಚಲೊಳಗೆ ತುಂಡು ಮಾಡುತ್ತದೆ. ಎಸ್.ಎನ್.ಎಫ್. ಇಳಿಯುತ್ತದೆ, ಹಾಲು ಉಪ್ಪುಪ್ಪಾಗುತ್ತದೆ, ಮೊಸರು ನೀರಾಗುತ್ತದೆ. ಊತ, ಗರಣೆ ಕಾಣದ ಗುಪ್ತ ಬಾವಿನಲ್ಲೂ ಇದೆಲ್ಲ ನಡೆಯುತ್ತದೆ. ಆದ್ದರಿಂದ ಕಣ್ಣಿಗೆ ಹಾಲು ಚೆನ್ನಾಗಿ ಕಂಡರೂ ಎಸ್.ಎನ್.ಎಫ್. ಇದ್ದಕ್ಕಿದ್ದಂತೆ ಇಳಿದರೆ ನಾಲ್ಕೂ ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿರಿ.

ಚಿಕಿತ್ಸೆಗೆ ಕೊಡುವ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ರೋಗಾಣುವಿನ ರೈಬೋಸೋಮಿಗೆ ಅಂಟಿಕೊಂಡು ಅದರ ಹಾರ ಪೋಣಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಜೆಂಟಮೈಸಿನ್ ತಪ್ಪು ಹೂವು ಪೋಣಿಸುವಂತೆ ಮಾಡುತ್ತದೆ. ಹಸುವಿನ ರೈಬೋಸೋಮಿನ ರಚನೆ ಬೇರೆಯಾದ್ದರಿಂದ ಅದಕ್ಕೆ ಅಷ್ಟು ಪೆಟ್ಟಾಗುವುದಿಲ್ಲ. ಆದರೆ ಈ ಔಷಧಿ ಹಾಲಿನಲ್ಲೂ ಬರುತ್ತದೆ, ಕುಡಿದವರ ಹೊಟ್ಟೆ ಸೇರುತ್ತದೆ. ಇದಕ್ಕೆ ಬಗ್ಗದ ರೋಗಾಣುಗಳು ಬೆಳೆಯಲೂ ದಾರಿಯಾಗುತ್ತದೆ. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಬ್ಬರ ಹಾಲು ಇಡೀ ಶೀತಲೀಕರಣ ಘಟಕದ ಹಾಲನ್ನು ಕೆಡಿಸಬಲ್ಲದು.

ಅರವತ್ತು ದಿನದ ರಜೆ

ಹಾಲು ಬತ್ತಿಸಿದ ಕಾಲ ಕೆಚ್ಚಲಿಗೆ ಸುಮ್ಮನೆ ಕೂರುವ ಕಾಲವಲ್ಲ. ಕರೆಯುವುದನ್ನು ನಿಲ್ಲಿಸಿದ ಮೇಲೆ ಹಳೆಯ ಕೋಶಗಳು ತಮ್ಮೊಳಗಿನದ್ದನ್ನು ಕೊಳೆಸಿ ಬಳಸಿಕೊಳ್ಳುತ್ತವೆ, ದಣಿದವು ಸಾಯುತ್ತವೆ, ಅವುಗಳ ಜಾಗದಲ್ಲಿ ಹೊಸ ಕೋಶಗಳು ಹುಟ್ಟುತ್ತವೆ. ಮುಂದಿನ ಸೂಲಿನ ಹಾಲನ್ನು ತಯಾರಿಸಬೇಕಾದವು ಈ ಹೊಸ ಕೋಶಗಳು. ಇದಕ್ಕೆ ಸುಮಾರು 60 ದಿನ ಬೇಕು. ಬತ್ತಿಸದೆ ಕೊನೆಯವರೆಗೆ ಕರೆದರೆ ಮುಂದಿನ ಸೂಲಿನಲ್ಲಿ ಐದನೇ ಒಂದು ಪಾಲಿನಷ್ಟು ಹಾಲು ಕಡಿಮೆಯಾಗಬಹುದು.

ಹಸುವಿನ ಗಬ್ಬದ ಕಾಲ ಸುಮಾರು 280 ದಿನ. ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟು, 220ನೇ ದಿನಕ್ಕೆ ಕರೆಯುವುದನ್ನು ನಿಲ್ಲಿಸಿರಿ. ಕೊನೆಯ ಕರೆತದ ನಂತರ ಮೊಲೆಯೊಳಕ್ಕೆ ಔಷಧಿ ಹಾಕಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಿ.

ಈ ಕಾಲದ ಕೊನೆಯ ವಾರಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ರೋಗನಿರೋಧಕ ಸಸಾರಜನಕವನ್ನು ಕೆಚ್ಚಲು ರಕ್ತದಿಂದ ಹೆಕ್ಕಿ ಗಿಣ್ಣುಹಾಲಿಗೆ ಸೇರಿಸುತ್ತದೆ. ಹುಟ್ಟಿದ ಕರುವಿನ ಕರುಳು ಮೊದಲ ದಿನ ಮಾತ್ರ ಅದನ್ನು ಕತ್ತರಿಸದೆ ಇಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಬಾಗಿಲು ಮುಚ್ಚುತ್ತದೆ. ಸತ್ತೆ ಬೀಳುವವರೆಗೆ ಕಾಯದೆ, ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಕುಡಿಸಿ. 30 ಕೆ.ಜಿ. ಕರುವಿಗೆ ಆ ದಿನ ಒಟ್ಟು 3 ಲೀಟರ್ ಆಗಬೇಕು.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಾಲಿಗೆ ಯೂರಿಯಾ ಹಾಕಿದರೆ ಎಸ್.ಎನ್.ಎಫ್. ಏರುತ್ತದಂತೆ, ನಿಜವೇ?
ಉತ್ತರ: ಅಳತೆಯನ್ನು ಮೋಸಗೊಳಿಸಬಹುದು, ಆದರೆ ಯೂರಿಯಾ ಸಸಾರಜನಕವಲ್ಲ. ಅದು ಸಸಾರಜನಕ ಕತ್ತರಿಸಿದ ಮೇಲೆ ಉಳಿಯುವ ಕಸ. ಕಲಬೆರಕೆ ಅಪರಾಧ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಕುಡಿಯುವವರು ಮಕ್ಕಳು ಎಂಬುದನ್ನು ಮರೆಯಬಾರದು.

ಪ್ರಶ್ನೆ: ಹಾಲು ಇಳಿಸುವ ಇಂಜೆಕ್ಷನ್ ಕೊಟ್ಟರೆ ಹಾಲು ಹೆಚ್ಚುವುದೇ?
ಉತ್ತರ: ಆಕ್ಸಿಟೋಸಿನ್ ಈಗಾಗಲೇ ತಯಾರಾದ ಹಾಲನ್ನು ಹಿಂಡುತ್ತದೆ, ಎಸ್.ಎನ್.ಎಫ್. ಏರಿಸುವುದಿಲ್ಲ. ಕೆಚ್ಚಲನ್ನು ನೀವಿ, ತೊಳೆದು, ಒರೆಸಿ, ಶಾಂತವಾಗಿ ಕರೆದರೆ ಹಸುವಿನ ಮೈಯಲ್ಲೇ ಅದು ಬಿಡುಗಡೆಯಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಬಳಸಲೇಬಾರದು.

ಪ್ರಶ್ನೆ: ನಾಟಿ ಹಸುವಿನ ಎ2 ಹಾಲು ಎನ್ನುತ್ತಾರಲ್ಲ, ಅದೇನು?
ಉತ್ತರ: ಬೀಟಾ ಕೇಸೀನ್ ಹಾರದ 67ನೇ ಹೂವೊಂದು ಬೇರೆ, ಅಷ್ಟೇ. ನಮ್ಮ ಹಳ್ಳಿಕಾರ್‌ನಂಥ ದೇಶಿ ತಳಿಗಳಲ್ಲಿ ಬಹುಪಾಲು ಎ2 ಇರುತ್ತದೆ. ಎಚ್.ಎಫ್. ತಳಿಯಲ್ಲಿ ಎರಡೂ ಉಂಟು. ಎ1 ಹಾಲಿನಿಂದ ರೋಗ ಬರುತ್ತದೆ ಎಂಬುದಕ್ಕೆ ಖಚಿತ ಪುರಾವೆ ಇಲ್ಲ.

ಆ ತಾಯಿಯ ಹಸುವಿಗೆ ಏನಾಗಿತ್ತು?

ಗೊಂತಿನಲ್ಲಿ ಬರಿಯ ರಾಗಿ ಹುಲ್ಲು, ಒಂದು ಸೇರಿನಷ್ಟು ಬೂಸಾ. ಇದು ಮೊದಲನೆಯ ಕಾರಣ. ಹಿಂದಿನ ಸೂಲಿನಲ್ಲಿ ಮಗಳ ಕಾಲೇಜು ಫೀಸಿಗಾಗಿ ಕರು ಹಾಕುವ ಮೂರು ವಾರದವರೆಗೂ ಕರೆದಿದ್ದರು. ಇದು ಎರಡನೆಯದು. ಹಿಂದಿನ ಎಡಮೊಲೆಯಲ್ಲಿ ಗುಪ್ತ ಬಾವು ಇತ್ತು. ಇದು ಮೂರನೆಯದು. ತಯಾರಿಕೆ, ಹತೋಟಿ, ವಿಲೇವಾರಿ, ಮೂರೂ ಕಡೆ ಪೆಟ್ಟು ಬಿದ್ದಿತ್ತು.

ಬಾವಿಗೆ ಚಿಕಿತ್ಸೆ ಮಾಡಿದೆವು. ಆ ದಿನಗಳ ಹಾಲನ್ನು ಅವರು ಸಂಘಕ್ಕೆ ಹಾಕಲಿಲ್ಲ, ನಷ್ಟ ಸಹಿಸಿಕೊಂಡರು. ಪಶು ಆಹಾರ, ಜೋಳದ ನುಚ್ಚು, ಪಕ್ಕದ ಹೊಲದಿಂದ ಹಸಿಜೋಳ ನಿಧಾನವಾಗಿ ಸೇರಿಸಿದರು. ತಿಂಗಳೂವರೆಯಲ್ಲಿ 8.4 ಬಂತು. ಹಿಂದಿನ ಸೂಲಿನಲ್ಲಿ ರಜೆ ತಪ್ಪಿದ ನಷ್ಟ ಮಾತ್ರ ಆ ಸೂಲಿನಲ್ಲಿ ತುಂಬಲಿಲ್ಲ. ಮುಂದಿನ ಗಬ್ಬದಲ್ಲಿ ಅವರು ದಿನಾಂಕವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟರು.

ನೆನಪಿಡಿ

* ಎಸ್.ಎನ್.ಎಫ್. ಕ್ಯಾನಿನಲ್ಲಿ ಏರುವುದಿಲ್ಲ, ಗೊಂತಿನಲ್ಲಿ ಏರುತ್ತದೆ.
* ಹಿಂಡಿಯ ಜೊತೆಗೆ ಧಾನ್ಯವೂ ಹಸಿರು ಮೇವೂ ಇರಲಿ.
* ಹೊತ್ತಿಗೆ ಸರಿಯಾಗಿ, ಪೂರ್ತಿಯಾಗಿ ಕರೆಯಿರಿ. ನಂತರ ಮೊಲೆಗಳನ್ನು ಔಷಧಿಯ ದ್ರಾವಣದಲ್ಲಿ ಅದ್ದಿರಿ.
* ಬೇಸಿಗೆಯಲ್ಲಿ ನೆರಳು, ಸದಾ ಕುಡಿಯುವ ನೀರು, ತಂಪು ಹೊತ್ತಿನಲ್ಲಿ ಮೇವು ಕೊಡಿ.
* 220ನೇ ದಿನಕ್ಕೆ ಬತ್ತಿಸಿರಿ.
* ಔಷಧಿ ಕೊಟ್ಟ ಹಸುವಿನ ಹಾಲನ್ನು ಬೇರೆ ಇಡಿ.

ನಿಮ್ಮ ನೆರೆಯವರ ಹಾಲಿನ ಎಸ್.ಎನ್.ಎಫ್. ಇಳಿದಾಗ ನೀರಿನ ಮಾತೆತ್ತಿ ನಗಬೇಡಿ. ಅವರ ಹಸುವಿನ ಕೆಚ್ಚಲು ಏನೋ ಹೇಳುತ್ತಿರಬಹುದು. ನಮಗೆ ತಿಳಿಸಿ, ಬಂದು ನೋಡುತ್ತೇವೆ.